ಪಂಗತಿ ಏಳುವ ತನಕ

“ತೆಗಿಯೂದ್ರಾಗ ಏನೈತ್ರಿ ಮೇಡಂ? ತೆಗದ್ರ ಆತು.” ಹೀಗೆ ಹೇಳುವವರು ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ ಒಬ್ಬರಾದರೂ ಇರುತ್ತಾರೆ. ಹಿಗ್ಗುವ, ಕುಗ್ಗುವ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹೇಗೆ ನಡೆಸಬೇಕು ಎಂಬ ಪಾಠ ಅದು. ಆ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಸೇರಿಸುವುದು ಸುಲಭವಪ್ಪಾ, ಬಾಲಕ್ಕೆ ಇನ್ನೊಂದು ಕಟ್ಟಿದರೆ ಮುಗಿಯಿತು. ತೆಗೆಯುವುದು ಹಾಗಲ್ಲ. ನಡುವಿನಿಂದ ಒಂದನ್ನು ಕಿತ್ತರೆ ಅದರ ನಂತರದವೆಲ್ಲ ಒಂದೊಂದು ಜಾಗ ಈಚೆಗೆ ಸರಿಯುತ್ತವೆ. ತೆಗೆಯುತ್ತಾ ಹೋಗುವವನಿಗೆ ಈ ಸರಿದಾಟದ ಖಬರು ಇರದಿದ್ದರೆ ಯಾರೋ ಒಬ್ಬರು ಅವನ ಕಣ್ಣು ತಪ್ಪಿಸಿಕೊಂಡುಬಿಡುತ್ತಾರೆ. ನಾನು ಇದನ್ನು ಬೋರ್ಡು ನೋಡಿ ಕಲಿತವಳಲ್ಲ. ಮೊದಲು ಹುಗ್ಗಿಯ ಮುಂದೆ ಕೂತು ಕಲಿತೆ, ಆಮೇಲೆ ರೊಟ್ಟಿಯ ಮುಂದೆ.

ಹುಗ್ಗಿಯ ಕಥೆ ಎಪ್ಪತ್ತರ ದಶಕದ್ದು. ನಮ್ಮದು ಇಳಕಲ್ಲಿನಲ್ಲಿ ಮಗ್ಗದ ಮನೆ. ಒಂದು ಅಮಾಸಿ ದಿನ ಮಗ್ಗಕ್ಕೆ ಬಿಡುವು ಕೊಟ್ಟು ಅವ್ವ ನನ್ನನ್ನು ಕೂಡಲಸಂಗಮಕ್ಕೆ ಕರೆದುಕೊಂಡು ಹೋಗಿದ್ದಳು. ಹೊಳೆಯಲ್ಲಿ ಮುಳುಗಿ ಎದ್ದು, ದರ್ಶನ ಮುಗಿಸಿ ಪ್ರಸಾದದ ಪಂಗತಿಗೆ ಕೂತೆವು. ಎಲೆ ಹಾಕಿದ್ದರು. ದೂರದಿಂದಲೇ ಗೋಧಿ ಹುಗ್ಗಿಯ ಬೆಲ್ಲದ ವಾಸನೆ ಬರುತ್ತಿತ್ತು. ನನ್ನ ಎಡಕ್ಕೆ ಯಾವುದೋ ಊರಿನ ಒಂದು ಹುಡುಗಿ, ಬಲಕ್ಕೆ ಅವ್ವ. ಬಡಿಸುವವರು ಎಡಗಡೆಯಿಂದ ಬರುತ್ತಿದ್ದರು. ಕೈಯಲ್ಲಿ ಬಕೆಟ್ಟು, ಕಣ್ಣು ಎಲೆಯ ಮೇಲೆ. ಮುಖ ನೋಡುವ ಪದ್ಧತಿಯೇ ಅವರಿಗಿರಲಿಲ್ಲ. ಅವರು ಸರಿಯಾಗಿ ಆ ಹುಡುಗಿಯ ಮುಂದೆ ಬಂದು ನಿಂತಾಗ ಅವಳಿಗೆ ಹೊಟ್ಟೆ ತೊಳಸಿತು. ಅವಳ ಅಜ್ಜಿ ಅವಳನ್ನು ಎತ್ತಿಕೊಂಡು ಹೊರಗೆ ಓಡಿದಳು.

ಜಾಗ ಖಾಲಿಯಾಯಿತು. “ಸರೀರಿ, ಸರೀರಿ, ಕಡೀಕ ಇನ್ನೊಬ್ಬರು ಕುಂದರ್ತಾರ” ಎಂದು ಹಿಂದೆ ಯಾರೋ ಕೂಗಿದರು. ಅವ್ವ ನನ್ನನ್ನು ಆ ಹುಡುಗಿಯ ಎಲೆಗೆ ದೂಡಿದಳು, ತಾನು ನನ್ನ ಎಲೆಗೆ ಬಂದಳು, ಅವಳ ಎಲೆಗೆ ಅವಳಾಚೆಯ ಹೆಂಗಸು. ಇಡೀ ಸಾಲು ಒಂದೊಂದು ಎಲೆ ಸರಿಯಿತು. ಬಡಿಸುವವರು ಆ ಹುಡುಗಿಯ ಲೆಕ್ಕ ಮುಗಿಯಿತೆಂದು ಒಂದು ಹೆಜ್ಜೆ ಮುಂದೆ ಇಟ್ಟು ಅವ್ವನ ಎಲೆಗೆ ಹುಗ್ಗಿ ಹಾಕಿದರು, ಹಾಗೇ ಮುಂದೆ ನಡೆದರು. ನಾನು ಅವರ ಬೆನ್ನ ಹಿಂದೆ ಉಳಿದೆ. “ಅವ್ವಾ, ನನಗ ಹಾಕಲಿಲ್ಲ!” ಎಂದು ರಾಗ ತೆಗೆದೆ. ಅವ್ವ ತನ್ನ ಎಲೆಯ ಹುಗ್ಗಿಯಲ್ಲಿ ಅರ್ಧ ನನಗೆ ಸರಿಸಿದಳು. ಆದರೆ ನನಗೆ ಬೇಕಾಗಿದ್ದು ಸೌಟಿನಿಂದ ನನ್ನ ಎಲೆಗೇ ಬೀಳುವ ಹುಗ್ಗಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ದೊಡ್ಡವರು ಹೇಳುತ್ತಾರಲ್ಲ, ನನಗೆ ಕೈಗೂ ಬರಲಿಲ್ಲ. ಹುನಗುಂದ ದಾಟುವ ತನಕ ಬಸ್ಸಿನಲ್ಲಿ ಅಳುತ್ತಲೇ ಇದ್ದೆ, ಅವ್ವ ಬೆನ್ನಿಗೆ ಒಂದು ಗುದ್ದಿ ಸುಮ್ಮನಾಗಿಸಿದಳು.

ರೊಟ್ಟಿಯ ಕಥೆ ಎಂಬತ್ತರ ದಶಕದ್ದು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಆಗ ಹೊಸದಾಗಿ ಕಂಪ್ಯೂಟರ್ ಕೋರ್ಸು ಶುರುವಾಗಿತ್ತು. ಡಿಗ್ರಿ ಮುಗಿಸಿದವರಿಗೆ ಒಂದು ವರ್ಷದ್ದು. ಅರ್ಜಿ ಕೊಡುವ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳು ಗುಳೇದಗುಡ್ಡದವಳು. ಹಿಂದಕ್ಕೆ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮದು ಯಾವೂರು?” ಎಂದಳು. ಇಳಕಲ್ ಎಂದೆ. “ಮಗ್ಗ ಐತೇನು?” ಐತಿ ಎಂದೆ. ಕಿಲಕಿಲ ನಕ್ಕಳು. “ನಮ್ಮನ್ಯಾಗೂ ಐತಿ. ಖಣ ನೇಯ್ತೇವಿ. ಹಂಗಾರ ಕುಬಸ ಮುಂದ, ಸೀರಿ ಹಿಂದ!” ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಬಸವೇ ಆಗಬೇಕು ಎನ್ನುವುದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಅಂದಿನಿಂದ ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೆ ಸೀರಿ-ಕುಬಸ ಎಂದೇ ಹೆಸರು ಬಿತ್ತು. ಸಾಲಿನಲ್ಲಿ ನಿಂತ ಕ್ರಮದಲ್ಲೇ ರೋಲ್ ನಂಬರ್ ಕೊಟ್ಟರು: ಅವಳ ಬೆನ್ನಿಗೇ ನಾನು.

ಹಾಸ್ಟೆಲು ಅಂದರೆ ಒಂದು ಹಳೆಯ ವಾಡೆ. ಊಟ ನೆಲದ ಮೇಲೆ ಸಾಲಾಗಿ ಕೂತು. ಅಲ್ಲಿಯೂ ಅವಳು ಎಡಕ್ಕೆ, ನಾನು ಅವಳ ಬಲಕ್ಕೆ, ಅದು ತಪ್ಪುತ್ತಿರಲಿಲ್ಲ. ಅಡಿಗೆ ಮಾಡುವಾಕೆಯನ್ನು ಎಲ್ಲರೂ ಅಕ್ಕಾ ಎನ್ನುತ್ತಿದ್ದೆವು. ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಎಡದಿಂದ ಬಲಕ್ಕೆ ಹಾಕುತ್ತಾ ಹೋಗುತ್ತಿದ್ದಳು. ಅವಳದು ಒಂದೇ ಕಾನೂನು. ನಡುವೆ ಯಾರಾದರೂ ಎದ್ದು ಹೋದರೆ ಅವರ ತಾಟು ಅಲ್ಲೇ ಇರಬೇಕು, ಮಂದಿ ಸರಿಯಬಾರದು, ಜಾಗ ಕೂಡಿಸಬಾರದು. ಪಂಗತಿ ಎದ್ದ ಮೇಲೆಯೇ ತಾಟು ಎತ್ತುವುದು. ಮಧ್ಯದಲ್ಲಿ ಜಾಗ ಮುಚ್ಚಿದರೆ ಎದ್ದವರು ಇನ್ನು ಬರಬೇಡಿ ಎಂದು ಹೇಳಿದ ಹಾಗಂತೆ. ನಮಗೆ ಅದು ಹಳೆಯ ಮಂದಿಯ ಶಾಸ್ತ್ರ ಅನ್ನಿಸುತ್ತಿತ್ತು. ಅವಳ ಬೆನ್ನು ತಿರುಗಿದರೆ ಸಾಕು, ಸರಿದುಬಿಡುತ್ತಿದ್ದೆವು.

ಕಂಪ್ಯೂಟರ್ ಕಲಿಸುತ್ತಿದ್ದ ಸರ್ ದಿನಾ ಬಾದಾಮಿಯಿಂದ ರೈಲಿನಲ್ಲಿ ಬರುತ್ತಿದ್ದರು. ವಯಸ್ಸು ಚಿಕ್ಕದು, ಮನುಷ್ಯ ಒಳ್ಳೆಯವರು, ಆ ಮಷೀನಿನ ಮೇಲೆ ಮಾತ್ರ ವಿಪರೀತ ಮೋಹ. ಇದ್ದದ್ದು ಒಂದೇ ಮಷೀನು. ಅದರ ಕೋಣೆಗೆ ಎಸಿ. ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು ಒಳಗೆ ಹೋಗಬೇಕು. ಹೊರಗೆ ಬಾಗಲಕೋಟೆಯ ಬಿಸಿಲು ತಲೆ ಸೀಳುತ್ತಿದ್ದರೆ ಒಳಗೆ ನಾವು ಸೆರಗು ಹೊದ್ದು ಕೂಡುತ್ತಿದ್ದೆವು. “ಮನುಷ್ಯಾ ಮರೀತಾನ, ಮುಲಾಜಿಗೆ ಬೀಳ್ತಾನ. ಮಷೀನಿಗೆ ಎರಡೂ ಇಲ್ಲ” ಎಂದು ಸರ್ ಹೇಳುವಾಗ ದೇವರ ಮಾತು ಹೇಳಿದ ಹಾಗೆ ಕಣ್ಣು ಹೊಳೆಯುತ್ತಿದ್ದವು.

ಆ ಚಳಿಗಾಲ ಗೆಳತಿಯ ಅಪ್ಪ ವಿಷಮಜ್ವರದಿಂದ ಮಲಗಿಬಿಟ್ಟರು. ಲಗ್ನದ ಸುಗ್ಗಿಗೆಂದು ಮಗ್ಗದ ಮೇಲೆ ಹಾಸು ಏರಿಸಿ ಆಗಿತ್ತು. ಉದ್ದನೆಯ ಎಳೆಗಳನ್ನೆಲ್ಲ ಕಟ್ಟಿ ಏರಿಸಿದ ಮೇಲೆ ನೇಯದೆ ಬಿಟ್ಟರೆ ಅವು ಸಡಿಲಾಗಿ ಹಾಳಾಗುತ್ತವೆ. ಆ ಮನೆಗೆ ಆ ವರ್ಷ ಅನ್ನ ಅದರಲ್ಲೇ ಇತ್ತು. ಅವಳ ಅವ್ವ ಒಬ್ಬಳೇ, ಜ್ವರದವರನ್ನು ನೋಡಬೇಕೋ ಮಗ್ಗ ನೋಡಬೇಕೋ? ಗೆಳತಿ ಚೀಲ ತುಂಬಿದಳು. “ನಾನೂ ಬರ್ತೇನಿ” ಎಂದೆ. “ನಿನಗ್ಯಾಕ? ಹಾಜರಿ ಕಡಿಮಿ ಬೀಳ್ತೈತಿ” ಎಂದಳು. “ನಿಂದು ಬೀಳೂದಿಲ್ಲೇನು?” ಎಂದು ನಾನೂ ಬಸ್ ಹತ್ತಿದೆ. ಖಣದ ಮಗ್ಗ ನನಗೆ ಹೊಸದು, ಲಾಳಿ ಹಿಡಿದ ಕೈ ಹಳೆಯದು. ಪಾಳಿಯ ಮೇಲೆ ಕೂತು ನೇಯ್ದೆವು. ಅವಳ ಅಪ್ಪ ಮಲಗಿದಲ್ಲಿಂದಲೇ ಸಪ್ಪಳ ಕೇಳಿ, “ಈಗ ಇಳಕಲ್ಲಿನಾಕಿ ಕುಂತಾಳ. ಬಡಿತ ಜೋರೈತಿ” ಎಂದು ಗುರುತು ಹಿಡಿಯುತ್ತಿದ್ದರು. ಹಾಸು ಮುಗಿಸಿಕೊಟ್ಟೇ ಬಾಗಲಕೋಟೆಗೆ ಮರಳಿದೆವು.

ಪರೀಕ್ಷೆ ಹತ್ತಿರ ಬಂತು. ಹಾಜರಿ ಕಡಿಮೆಯಾದವರಿಗೆ ಪರೀಕ್ಷೆ ಇಲ್ಲ ಎಂಬ ನಿಯಮ ಹಿಂದಿನಿಂದಲೂ ಇತ್ತು. ಆದರೆ ಹಿಂದೆ ಪ್ರಿನ್ಸಿಪಾಲರು ಅಂಥವರನ್ನು ಒಬ್ಬೊಬ್ಬರನ್ನಾಗಿ ಕರೆದು, ಯಾಕಪ್ಪಾ ಬರಲಿಲ್ಲ ಎಂದು ಕೇಳಿ, ಕಾರಣ ಖರೆ ಅನ್ನಿಸಿದರೆ ಬೈದು ಬಿಡುತ್ತಿದ್ದರು. ಆ ವರ್ಷ ಹಾಗಲ್ಲ. ಪಟ್ಟಿ ತಯಾರಿಸುವ ಕೆಲಸವನ್ನು ಸರ್ ತಮ್ಮ ಮಷೀನಿಗೆ ವಹಿಸಿದ್ದರು. ಆ ಪ್ರೋಗ್ರಾಮನ್ನು ನಮಗೆ ಪಾಠವಾಗಿಯೂ ಹೇಳಿಕೊಟ್ಟಿದ್ದರು. ಎಲ್ಲರ ಹೆಸರು ಸಾಲಾಗಿ ಇರುತ್ತವೆ. ಮಷೀನು ಮೊದಲನೆಯ ಜಾಗದಿಂದ ನೋಡುತ್ತಾ ಬರುತ್ತದೆ. ಹಾಜರಿ ಸಾಕಷ್ಟಿದ್ದರೆ ಮುಂದಿನ ಜಾಗಕ್ಕೆ ಹೋಗುತ್ತದೆ. ಕಡಿಮೆ ಇದ್ದರೆ ಆ ಹೆಸರನ್ನು ತೆಗೆದು, ನಂತರದವರನ್ನೆಲ್ಲ ಒಂದೊಂದು ಜಾಗ ಈಚೆಗೆ ಎಳೆದು, ಒಟ್ಟು ಲೆಕ್ಕದಲ್ಲಿ ಒಂದು ಕಳೆದು, ಮುಂದಿನ ಜಾಗಕ್ಕೆ ಹೋಗುತ್ತದೆ. ನಾವೆಲ್ಲ ವಾಹ್ ಎಂದು ತಲೆಯಾಡಿಸಿದ್ದೆವು.

ಪಟ್ಟಿ ನೋಟೀಸ್ ಬೋರ್ಡಿಗೆ ಬಿತ್ತು. ಗೆಳತಿಯ ಹೆಸರು ಇರಲಿಲ್ಲ. ನನ್ನದು ಇತ್ತು.

ಇಬ್ಬರೂ ಒಂದೇ ದಿನ ಹೋಗಿ ಒಂದೇ ದಿನ ಬಂದವರು. ನಾನು ಕಣ್ಣು ಉಜ್ಜಿ ಮತ್ತೆ ಮತ್ತೆ ನೋಡಿದೆ. ಅವಳೂ ನೋಡಿದಳು, ಬೋರ್ಡನ್ನಲ್ಲ, ನನ್ನನ್ನು. ಕೋಣೆಗೆ ಬಂದ ಮೇಲೆ ಚೀಲ ತುಂಬುತ್ತಾ ಅಂದಳು: “ಸರ್ ಮುಂದ ನಿಂದಷ್ಟ ಹೇಳಿಕೊಂಡಿ ಏನು? ಹೇಳಿಕೊಂಡ್ರ ತಪ್ಪಿಲ್ಲ. ನನಗೂ ಒಂದ್ ಮಾತು ಹೇಳಬೇಕಿತ್ತು.”

“ದೇವರಾಣಿ ನನಗ ಏನೂ ಗೊತ್ತಿಲ್ಲ” ಎಂದೆ.

“ಮಷೀನಿಗೆ ಮುಲಾಜಿಲ್ಲ ಅಂತಾರಲ್ಲ ನಿಮ್ಮ ಸರ್” ಎಂದಳು. ‘ನಮ್ಮ ಸರ್’ ಆಗಿದ್ದವರು ‘ನಿಮ್ಮ ಸರ್’ ಆದರು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಟವಳನ್ನು ಊಟ ಮಾಡಿಯೇ ಹೋಗಬೇಕೆಂದು ಅಡಿಗೆ ಅಕ್ಕ ಹಿಡಿದು ಕೂಡಿಸಿದಳು. ಎಂದಿನಂತೆ ಅವಳು ನನ್ನ ಎಡಕ್ಕೆ ಕೂತಳು, ಮುಖ ಅತ್ತ ತಿರುಗಿಸಿ. ಅಕ್ಕ ರೊಟ್ಟಿ ಹಾಕುತ್ತಾ ಬಂದಳು. ಸರಿಯಾಗಿ ಗೆಳತಿಯ ಮುಂದೆ ಬಂದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಹಿಡಿದು ಎದ್ದು ನಡೆದಳು. ಸಾಲಿನ ಕೊನೆಯಲ್ಲಿದ್ದ ಹುಡುಗಿಗೆ ಬಾಗಿಲ ಬಿಸಿಲು ಬೆನ್ನು ಸುಡುತ್ತಿತ್ತಂತೆ. “ಸರೀರಿ, ಸರೀರಿ” ಎಂದಳು. ನನ್ನ ಪಕ್ಕದವಳು ನನ್ನನ್ನು ದೂಡಿದಳು. ನನಗೆ ಎಚ್ಚರವೆಲ್ಲಿ? ತಾಟು ಜಗ್ಗಿಕೊಂಡು ಗೆಳತಿಯ ಜಾಗಕ್ಕೆ ಸರಿದೆ, ನನ್ನ ಹಿಂದೆ ಎಲ್ಲರೂ ಸರಿದರು. ಅಕ್ಕ ಗೆಳತಿ ಹೋದ ಕಡೆಯೇ ನೋಡುತ್ತಾ ಒಂದು ಹೆಜ್ಜೆ ಮುಂದೆ ಇಟ್ಟು ರೊಟ್ಟಿ ಹಾಕಿದಳು. ಅದು ನನ್ನ ಪಕ್ಕದವಳ ತಾಟಿಗೆ ಬಿತ್ತು. ಮುಂದಿನದು ಅವಳ ಪಕ್ಕದವಳಿಗೆ.

ನನ್ನ ತಾಟು ಬರಿದು. ನಾನು ಅದನ್ನೇ ನೋಡುತ್ತಾ ಕೂತೆ. ಎಲ್ಲಿಂದಲೋ ಬೆಲ್ಲದ ವಾಸನೆ ಬಂದ ಹಾಗಾಯಿತು. ಅವ್ವ ದೂಡಿದ್ದು, ಬಡಿಸುವವರ ಬೆನ್ನು, ಹುನಗುಂದದ ತನಕ ಅತ್ತದ್ದು ಎಲ್ಲ ಒಂದೇ ಸಲ ನೆನಪಿಗೆ ಬಂತು. ಹಿಂದೆಯೇ ಸರ್ ಬೋರ್ಡಿನ ಮೇಲೆ ಬರೆದ ಪ್ರೋಗ್ರಾಂ. ಗೆಳತಿಯನ್ನು ತೆಗೆದಾಗ ನಾನು ಅವಳ ಜಾಗಕ್ಕೆ ಸರಿದೆ. ಮಷೀನು ಆ ಜಾಗ ನೋಡಿ ಆಯಿತೆಂದು ಮುಂದೆ ಹೋಯಿತು. ನನ್ನನ್ನು ಅದು ನೋಡಲೇ ಇಲ್ಲ! ಹುಗ್ಗಿ ತಪ್ಪಿದ ಹಾಗೆಯೇ ಕತ್ತರಿಯೂ ತಪ್ಪಿತ್ತು. ನಾನು ಉಳಿದದ್ದು ಅವಳು ನನ್ನ ಮುಂದೆ ನಿಂತಿದ್ದಳು ಎಂಬ ಒಂದೇ ಕಾರಣಕ್ಕೆ.

“ಎಷ್ಟ ಸಲ ಹೇಳಬೇಕು ನಿಮಗ, ಪಂಗತಿ ಏಳೂತನಕ ಸರೀಬ್ಯಾಡ್ರಿ ಅಂತ!” ಅಕ್ಕ ಹಿಂತಿರುಗಿ ನನ್ನ ಬರಿದಾದ ತಾಟು ನೋಡಿ ಒದರುತ್ತಿದ್ದಳು. ನಾನು ಎದ್ದು ಓಡಿದೆ. ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಗುಳೇದಗುಡ್ಡದ ಬಸ್ಸು ಹೋಗಿತ್ತು.

ಈಗ ಕೇಳಿ. ನಾನೇನೂ ಪುಣ್ಯಾತ್ಗಿತ್ತಿಯಲ್ಲ. ಸುಮ್ಮನಿದ್ದರೆ ನನ್ನ ಪರೀಕ್ಷೆ ನನಗೆ ಇತ್ತು. ಬಾಯಿ ಬಿಟ್ಟರೆ ನಾನೂ ಹೊರಗೆ. ಇದು ಗೊತ್ತಿದ್ದೂ ಕಾಲೇಜಿನ ಕಡೆ ನಡೆದದ್ದು ಸಿಟ್ಟಿನಿಂದ. ‘ನಿಮ್ಮ ಸರ್’ ಎಂದಳಲ್ಲ, ಆ ಸಿಟ್ಟು. ದಾರಿಯಲ್ಲಿ ನೋಟೀಸ್ ಬೋರ್ಡಿನ ಮುಂದೆ ನಿಂತೆ. ನಮ್ಮ ಕ್ಲಾಸಿನ ಹುನಗುಂದದ ಹುಡುಗನ ಹೆಸರೂ ಇತ್ತು. ಅವನು ಕ್ಲಾಸಿಗಿಂತ ಟಾಕೀಸಿನಲ್ಲಿ ಹೆಚ್ಚು ಇದ್ದವನು. ಅವನಿಗಿಂತ ಒಂದು ನಂಬರ್ ಮೊದಲಿನವನನ್ನು ತೆಗೆದಿದ್ದರು. ನನ್ನ ಲೆಕ್ಕ ಸರಿಯಾಗಿತ್ತು.

ಸರ್ ನಂಬಲಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸಿದರೂ, “ಹಂಗ ಆಗಾಕ ಸಾಧ್ಯ ಇಲ್ಲ, ನೀ ಎಲ್ಲೋ ಗೊಂದಲ ಮಾಡ್ಕೊಂಡಿ” ಎಂದರು. ನನಗೆ ತಲೆ ಕೆಟ್ಟಿತು. ಅವರನ್ನು ಎಸಿ ಕೋಣೆಯಿಂದ ಹೊರಗೆ ಕರೆದೆ. ಬಾಗಿಲ ಬಳಿ ಮಂದಿ ಬಿಟ್ಟ ಚಪ್ಪಲಿಗಳು ಬಿದ್ದಿದ್ದವು. ಒಂದೊಂದು ಜೋಡಿಯನ್ನು ಸಾಲಾಗಿ ಇಟ್ಟೆ.

“ಸರ್, ನೀವ ಮಷೀನ್ ಆಗ್ರಿ. ಹರದ ಚಪ್ಪಲಿ ತೆಗೀರಿ. ತೆಗದಕೂಡಲೇ ಉಳದದ್ದೆಲ್ಲಾ ಈ ಕಡೆ ಸರಸ್ತೇನಿ. ನೀವು ನಿಮ್ಮ ಪ್ರೋಗ್ರಾಂ ಹೇಳಿದಂಗ ಒಂದ್ ಹೆಜ್ಜಿ ಮುಂದ ಹೋಗ್ರಿ, ಹಿಂದ ನೋಡಬ್ಯಾಡ್ರಿ.”

ಪಾಪ, ಮಷೀನಾದರು. ಮೊದಲನೆಯದು ಗಟ್ಟಿ, ಹೆಜ್ಜೆ. ಎರಡನೆಯದು ಗಟ್ಟಿ, ಹೆಜ್ಜೆ. ಮೂರನೆಯದರ ಹೆಬ್ಬೆರಳು ತೂರಿಸುವ ಉಂಗುಷ್ಟ ಕಿತ್ತಿತ್ತು. ಎತ್ತಿ ಆಚೆಗೆ ಇಟ್ಟರು. ನಾನು ಸಾಲನ್ನೆಲ್ಲ ಈಚೆಗೆ ಎಳೆದೆ. ಅವರು ಹೆಜ್ಜೆ ಇಟ್ಟು ಮುಂದಿನದನ್ನು ನೋಡಿದರು, ಹೀಗೇ ಕೊನೆ ಮುಟ್ಟಿದರು. “ಈಗ ಹೊಳ್ಳಿ ನೋಡ್ರಿ” ಎಂದೆ. ಸಾಲಿನ ನಡುವೆ ಒಂದು ಜೋಡಿ ಹರಿದ ಚಪ್ಪಲಿ, ತಂತಿ ಹಾಕಿ ಬಿಗಿದದ್ದು, ಆರಾಮಾಗಿ ಕೂತಿತ್ತು. ಅದು ಸರ್ ಅವರದೇ.

ಅವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ದನಿ ಇಳಿಸಿ ಅಂದರು, “ನಿನ್ನ ಹೆಸರು ಉಳದೈತಿ ತಂಗಿ. ಹಾದ್ಯಾಗ ಹೊಂಟ ಮಾರಿನ್ನ ಮನಿಗೆ ಯಾಕ ಕರೀತಿ?”

“ತೆಗೀರಿ ಸರ್” ಎಂದೆ. “ಆಕಿನ್ನ ತೆಗದ ಕೈಲೆ ನನ್ನೂ ತೆಗೀರಿ. ಇಲ್ಲಾ, ಇಬ್ಬರನ್ನೂ ಕರದು ಕೇಳ್ರಿ.”

ಸರ್ ದೊಡ್ಡವರು ಎಂದು ನನಗೆ ಅನ್ನಿಸಿದ್ದು ಆಗ. ಹರಿದ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ತಪ್ಪು ನನ್ನದು ಎಂದರು. ಬಂದು ಪ್ರೋಗ್ರಾಂ ತಿದ್ದಿದರು. ತೆಗೆದ ಮೇಲೆ ಅದೇ ಜಾಗವನ್ನು ಮತ್ತೊಮ್ಮೆ ನೋಡಬೇಕು ಎಂದು ನಾನು, ಕಡೆಯಿಂದ ಮೊದಲಿಗೆ ಬಂದರೆ ಸರಿಯುವವರನ್ನೆಲ್ಲ ಆಗಲೇ ನೋಡಿಯಾಗಿರುತ್ತದೆ, ಸರಿದಾಟದ ತಂಟೆಯೇ ಇಲ್ಲ ಎಂದು ಅವರು. “ಇಲ್ಲಾಂದ್ರ ನಮ್ಮ ಅಡಿಗಿ ಅಕ್ಕ ಮಾಡಿದಂಗ ಮಾಡ್ರಿ. ಯಾರನ್ನೂ ಸರಸಬ್ಯಾಡ್ರಿ, ಗುರುತಷ್ಟ ಹಾಕ್ರಿ. ಎಲ್ಲಾ ಮುಗದ ಮ್ಯಾಲ ಒಮ್ಮೆಲೆ ತೆಗೀರಿ” ಎಂದೆ. ನಕ್ಕರು. ಕಡೆಯಿಂದಲೇ ಬರೆದರು. ಪ್ರಿಂಟರು ಕಿರ್ರೆಂದು ಹೊಸ ಪಟ್ಟಿ ಕಕ್ಕಿತು. ನನ್ನ ಹೆಸರು ಹೋಗಿತ್ತು, ಹುನಗುಂದದವನದೂ. ಅವನು ಕಾರಿಡಾರಿನಲ್ಲಿ ಅಡ್ಡಗಟ್ಟಿ, “ತಾ ಕೆಟ್ಟ ಮಂಗ್ಯಾ ವನಾ ಎಲ್ಲಾ ಕೆಡಿಸಿತಂತ! ನಿನಗ ಮುಳುಗೂ ಹುಚ್ಚಿದ್ರ ಹೊಳೀಗೆ ಹೋಗಿ ಮುಳುಗಬೇಕಿತ್ತು, ನನ್ಯಾಕ ಎಳದಿ?” ಎಂದ.

ಮಷೀನು ತಪ್ಪಿದ್ದು ಕೇಳಿ ಪ್ರಿನ್ಸಿಪಾಲರು ತಮ್ಮ ಹಳೆಯ ಪದ್ಧತಿಗೆ ಮರಳಿದರು. ಹೆಸರು ಹೋದವರೆಲ್ಲ ಬಂದು ಕಾರಣ ಹೇಳಲಿ ಎಂದರು. ಗೆಳತಿಯನ್ನು ಕರೆತರಲು ನಾನೇ ಗುಳೇದಗುಡ್ಡಕ್ಕೆ ಹೋದೆ.

ಅವಳು ಮಗ್ಗದ ಮೇಲಿದ್ದಳು. ಅಪ್ಪ ಎದ್ದು ಓಡಾಡುತ್ತಿದ್ದರು, ನನ್ನನ್ನು ನೋಡಿ, “ಬಾ ಯವ್ವಾ, ಜೋರ್ ಬಡಿತದಾಕಿ” ಎಂದರು. ಅವಳು ಮಾತ್ರ ತಲೆ ಎತ್ತಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ: ಹುಗ್ಗಿ, ರೊಟ್ಟಿ, ಚಪ್ಪಲಿ. ಲಾಳಿ ಓಡುತ್ತಲೇ ಇತ್ತು.

“ಮತ್ತ ನಿನ್ನ ಹೆಸರು?” ಎಂದಳು.

“ಹೋತು.”

ಲಾಳಿ ನಿಂತಿತು. “ಹುಚ್ಚ ಖೋಡಿ” ಎಂದಳು. “ಸುಮ್ಮ ಕುಂತಿದ್ರ ನೀನರ ಪಾಸಾಗ್ತಿದ್ದಿ.” ಮಗ್ಗದ ಕುಣಿಯಿಂದ ಎದ್ದು ಬಂದು ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದಳು. ಇಬ್ಬರೂ ಅತ್ತೆವು, ಅವಳ ಅವ್ವ ಇಬ್ಬರಿಗೂ ಬೈದು ಚಹಾ ಕೊಟ್ಟಳು.

ಪ್ರಿನ್ಸಿಪಾಲರು ಮೊದಲು ಹುನಗುಂದದವನನ್ನು ಕೇಳಿದರು. ಅಜ್ಜಿ ತೀರಿಕೊಂಡಳು ಎಂದ. “ನಿಮ್ಮಜ್ಜಿ ನೀ ಇಲ್ಲೇ ಡಿಗ್ರಿ ಓದೂವಾಗೂ ತೀರಿಕೊಂಡಿದ್ಲಲ್ಲೋ” ಎಂದು ಹೊರಗೆ ಕಳಿಸಿದರು. ಆಮೇಲೆ ಗೆಳತಿ. ಅಪ್ಪನ ಜ್ವರ, ಮಗ್ಗದ ಮೇಲಿನ ಹಾಸು ಎಲ್ಲ ಹೇಳಿದಳು. ದವಾಖಾನೆಯ ಚೀಟಿ ತೋರಿಸಿದಳು. “ಸರಿ, ಪರೀಕ್ಷಾ ಬರಿ ಯವ್ವಾ” ಎಂದರು. ನನಗೆ ನಾನೇ ಪಾಸಾದಷ್ಟು ಹಿಗ್ಗಾಯಿತು. ನನ್ನ ಕಡೆ ತಿರುಗಿದರು.

“ನಿಮ್ಮ ಮನ್ಯಾಗ ಯಾರಿಗೆ ಜ್ವರ ಬಂದಿತ್ತು?”

“ಯಾರಿಗೂ ಇಲ್ರಿ.”

“ನಮ್ಮಪ್ಪನ ಜ್ವರಕ್ಕ ಆಕಿನೂ ಬಂದಿದ್ಲುರಿ! ಅರ್ಧಾ ಹಾಸು ಆಕೀನ ನೇಯ್ದಾಳ್ರಿ” ಎಂದು ಗೆಳತಿ ನಡುವೆ ಬಾಯಿ ಹಾಕಿದಳು.

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕೆಟ್ಟವರಲ್ಲ, ನಿಜವಾಗಿಯೂ ಕಷ್ಟಪಟ್ಟರು. “ಒಬ್ಬರ ಜ್ವರಕ್ಕ ಇಬ್ಬರಿಗೆ ಮಾಫಿ ಕೊಟ್ರ ನಾಳೆ ಓಣಿ ಮಂದಿ ಎಲ್ಲಾ ಒಂದ ಜ್ವರ ಹೇಳ್ತಾರ. ಮನಿ ಮಂದಿ ಬ್ಯಾನಿ ಇದ್ರಷ್ಟ ನಿಯಮ ಐತಿ ತಂಗಿ. ಮುಂದಿನ ವರ್ಷ ಬಾ.” ಗೆಳತಿ ಇನ್ನೂ ವಾದಿಸುತ್ತಿದ್ದಳು. ನಾನು ಅವಳ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಈ ಸಲ ನನ್ನನ್ನು ಒಬ್ಬ ಮನುಷ್ಯ ನೋಡಿ, ಕೇಳಿ ತೆಗೆದಿದ್ದ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬೋರ್ಡಿನ ಮೇಲೆ ನನ್ನ ಹೆಸರು ನೋಡಿದ ದಿನ ಉರಿದಷ್ಟು ಉರಿಯಲಿಲ್ಲ.

ಪರೀಕ್ಷೆ ಇಲ್ಲದವಳಿಗೆ ಹಾಸ್ಟೆಲಿನಲ್ಲಿ ಏನು ಕೆಲಸ? ಟ್ರಂಕು ಕಟ್ಟಿ ಇಳಕಲ್ಲಿಗೆ ಹೋದೆ. ಅಪ್ಪ ಮಗ್ಗದಿಂದ ಎದ್ದ. “ಮಗ್ಗ ಎಲ್ಲೀಗೂ ಓಡಿ ಹೋಗಿಲ್ಲ, ಕುಂದ್ರು” ಎಂದು ಲಾಳಿ ಕೈಗೆ ಕೊಟ್ಟ. ಗೆಳತಿ ಪರೀಕ್ಷೆ ಬರೆದು ಪಾಸಾಗಿ, ಪೇಢೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಆಗಲೇ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು. ಕೆನ್ನೆ ತುಂಬಿಕೊಂಡು ದುಂಡಗಾಗಿದ್ದಳು. “ಪರೀಕ್ಷಾ ಬರದವರು ಸೊರಗ್ತಾರ, ನೀ ಏನು ಉಬ್ಬೀದಿ?” ಎಂದು ಕಾಡಿದೆ. “ಅಕ್ಕನ ರೊಟ್ಟಿ” ಎಂದಷ್ಟೇ ಹೇಳಿ ಮಾತು ತಿರುಗಿಸಿದಳು.

ಮುಂದಿನ ವರ್ಷ ಮತ್ತೆ ಅದೇ ವಾಡೆಗೆ ಬಂದೆ. ಮೊದಲ ದಿನದ ಊಟಕ್ಕೆ ಹೋದರೆ ಎಲ್ಲ ಹೊಸ ಮುಖಗಳು. ಎಲ್ಲಿ ಕೂಡಲಿ ಎಂದು ನಿಂತೆ. ಅಡಿಗೆ ಅಕ್ಕ ಬುಟ್ಟಿ ಕೆಳಗಿಟ್ಟು, ಗೂಡಿನಿಂದ ಒಂದು ತಾಟು ತೆಗೆದು ಸೆರಗಿನಿಂದ ಒರೆಸಿದಳು. ನನ್ನದೇ ತಾಟು. ಹೊರಡುವ ಗಡಿಬಿಡಿಯಲ್ಲಿ ಬಿಟ್ಟು ಹೋಗಿದ್ದೆ.

“ತಗೋ. ಇದನ್ನ ಎತ್ತಾಕ ಬಿಡಲಿಲ್ಲ ನೋಡು ಆ ಗುಳೇದಗುಡ್ಡದ ಹುಡುಗಿ” ಎಂದಳು. “ನೀ ಹೋದ ದಿನದಿಂದ ಪರೀಕ್ಷಾ ಮುಗಿಯೂತನಕ ಹೊತ್ತೊತ್ತಿಗೂ ತನ್ನ ಬಾಜೂಕ ಇಟ್ಟಳು. ಮಂದಿ ಸರೀರಿ ಅಂದ್ರ, ಪಂಗತಿ ಇನ್ನೂ ಎದ್ದಿಲ್ಲ, ಆಕಿ ಬರ್ತಾಳ, ಅಂತಿದ್ಲು. ನನ್ನ ಕಾನೂನು ನನಗ ಹೇಳ್ತಿದ್ಲು! ಅದಕ್ಕೂ ಒಂದು ರೊಟ್ಟಿ ಹಾಕಸ್ತಿದ್ಲು.”

“ಆ ರೊಟ್ಟಿ ಏನ್ ಮಾಡ್ತಿದ್ಲು?” ಎಂದೆ.

“ಮತ್ತೇನು? ಎಲ್ಲಾರೂ ಎದ್ದ ಮ್ಯಾಲ ತಾನ ತಿಂತಿದ್ಲು. ಕೆಡಸಬಾರದಲ್ಲ.”

ತಾಟು ತೆಗೆದುಕೊಂಡು ನನ್ನ ಹಳೆಯ ಜಾಗದಲ್ಲಿ ಕೂತೆ. ಎಡಕ್ಕೆ, ಗೆಳತಿ ಕೂಡುತ್ತಿದ್ದಲ್ಲಿ, ಒಂದು ತಾಟಿನಷ್ಟು ಜಾಗ ಬಿಟ್ಟೆ. ಬಾಗಿಲ ಬಳಿಯ ಹೊಸ ಹುಡುಗಿಗೆ ಬೆನ್ನಿಗೆ ಬಿಸಿಲು ಬಡಿಯುತ್ತಿತ್ತು. “ಅಕ್ಕಾರ, ಒಂಚೂರು ಸರೀರಿ” ಎಂದಳು.

“ನೀ ಬೇಕಾದ್ರ ಈ ಕಡೆ ಬಂದು ನನ್ನ ಎದುರಿಗೆ ಕುಂದ್ರು ತಂಗಿ” ಎಂದೆ. “ನಾ ಸರಿಯೂದಿಲ್ಲ.”